ಮನೆಯ ಒಡೆಯನಾರು?

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ 1840ರ ದಶಕದ ಕಟ್ಟಡ. ಅಪ್ರಾಪ್ತವಯಸ್ಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅದನ್ನು ಕಟ್ಟಿಸಿದನು. ಬಾಲರಾಜನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು.

ಅದೇ ದಶಕದಲ್ಲಿ ಐರ್ಲೆಂಡ್ ಘೋರ ಕ್ಷಾಮಕ್ಕೆ ತುತ್ತಾಗಿತ್ತು. ಅಲ್ಲಿಯ ಜಮೀನ್ದಾರರ ಮಹಾಗೃಹಗಳಲ್ಲಿ ಸ್ಟ್ರೋಕ್ಸ್‌ಟೌನ್ ಪಾರ್ಕ್ ಒಂದು. ನಡುವೆ ಮುಖ್ಯಗೃಹ, ಒಂದು ಪಕ್ಕದಲ್ಲಿ ಪಾಕಶಾಲೆ, ಇನ್ನೊಂದು ಪಕ್ಕದಲ್ಲಿ ಕುದುರೆಲಾಯ. ಆಳುಗಳ ಓಡಾಟ ಯಜಮಾನರ ಕಣ್ಣಿಗೆ ಬೀಳದಿರಲೆಂದು ನೆಲದಡಿಯಲ್ಲಿ ಸುರಂಗಮಾರ್ಗವನ್ನೂ ನಿರ್ಮಿಸಿದ್ದರು. ಒಡೆಯನಾದ ಮೇಜರ್ ಡೆನಿಸ್ ಮಹೋನ್ ಗೇಣಿದಾರರನ್ನು ಒಕ್ಕಲೆಬ್ಬಿಸಿ, ಅನೇಕರನ್ನು ಕೆನಡಾದೆಡೆಗೆ ಹಡಗು ಹತ್ತಿಸಿದನು; 1847ರಲ್ಲಿ ಗುಂಡಿಗೆ ಬಲಿಯಾದನು. 1994ರಲ್ಲಿ ಅದೇ ಆವರಣದಲ್ಲಿ ಕ್ಷಾಮದ ವಸ್ತುಸಂಗ್ರಹಾಲಯ ತೆರೆಯಿತು. ಯಾರನ್ನು ಮರೆಮಾಡಲು ಆ ಮನೆ ಶ್ರಮಿಸಿತ್ತೋ, ಇಂದು ಅಂಥವರ ಕಥೆಯನ್ನೇ ಅದು ಹೇಳುತ್ತಿದೆ.

ಟೇಲರ್ ಅಂಥವನಲ್ಲ. ರಾಜನು ಪ್ರಾಪ್ತವಯಸ್ಕನಾದಾಗ, 1853ರಲ್ಲಿ, ಆಡಳಿತವನ್ನು ಒಪ್ಪಿಸಿ ಹೊರಟನು. ಆದರೆ 1858ರಲ್ಲಿ ರಾಜನು ಆಂಗ್ಲರ ವಿರುದ್ಧ ಎದ್ದು ಸೆರೆಸಿಕ್ಕಿದನು. ಸಂಗಡಿಗರ ಹೆಸರುಗಳನ್ನು ‘ಅಪ್ಪ’ನಿಗೂ ಹೇಳಲಿಲ್ಲ. ಶಿಕ್ಷೆಗಾಗಿ ಕರೆದೊಯ್ಯುವ ದಾರಿಯಲ್ಲಿ ಗುಂಡು ತಗುಲಿ ಮಡಿದನು. ಸುರಪುರ ನಿಜಾಮನ ಪಾಲಾಯಿತು. ಟೇಲರ್ 1860ರಲ್ಲಿ ಭಾರತವನ್ನು ಬಿಟ್ಟು, ಮುಂದೆ ಡಬ್ಲಿನ್ ಬಳಿ ನೆಲೆಸಿದನು. ಸುರಪುರ ಸೀಮೆಯ ಕಲ್ಗೋರಿಗಳ ಕುರಿತು ಅಲ್ಲಿಯ ರಾಯಲ್ ಐರಿಷ್ ಅಕಾಡೆಮಿಗೆ ಪ್ರಬಂಧವನ್ನೂ ಅರ್ಪಿಸಿದನು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪ್ರೀತಿಯಿಂದ ಕಾಪಾಡಿದವನಿಗೆ ಕಾಪಾಡಿಸಿಕೊಂಡವನ ಮನಸ್ಸಿನ ಮೇಲೆ ಹಕ್ಕುಂಟೆ? ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ, ಗುರುತಿಸುತ್ತದೆ. ಹೊಲ, ಮನೆ, ಚಿನ್ನಗಳ ಮೇಲಿನ ಮಮತ್ವವನ್ನು ಎಲ್ಲರೂ ಕಾಣಬಲ್ಲರು. ‘ನಾನು ಬೆಳೆಸಿದವನು ನನ್ನ ಮಾತನ್ನು ಮೀರಬಾರದು’ ಎಂಬ ಮಮತ್ವವು ಉಪಕಾರದ ವೇಷದಲ್ಲಿ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ. ಮಹೋನನು ಜನರನ್ನು ಹೊರಹಾಕಿದ ದೋಷ ಸ್ಪಷ್ಟ. ಉಪಕಾರಿಯ ದೋಷ ಸೂಕ್ಷ್ಮ. ಅಧಿಕಾರವನ್ನು ಹಿಂದಿರುಗಿಸುವುದು ತ್ಯಾಗದ ಮೊದಲ ಮೆಟ್ಟಿಲು. ಪಡೆದವನು ಬೇರೆ ದಾರಿ ಹಿಡಿದರೂ ಅದು ಅವನದೇ ದಾರಿಯೆಂದು ಒಪ್ಪುವುದು ಎರಡನೆಯದು.

ಮಕ್ಕಳಿಗೆ ಅಂಗಡಿಯನ್ನು ಒಪ್ಪಿಸಿದ ಹಿರಿಯರೂ, ಬಸದಿಯ ಲೆಕ್ಕಪತ್ರಗಳನ್ನು ಹೊಸಬರಿಗೆ ಕೊಟ್ಟ ಧರ್ಮದರ್ಶಿಗಳೂ ನಿಲ್ಲುವುದು ಈ ಎರಡನೆಯ ಮೆಟ್ಟಿಲ ಮುಂದೆಯೇ. ಬೀಗದ ಕೈಯನ್ನು ಕೊಡುವುದು ಸುಲಭ. ಕೊಟ್ಟ ಮೇಲೆ ಬಾಗಿಲ ಬಳಿ ಕಾವಲು ಕೂರದಿರುವುದು ಕಷ್ಟ. ಅಪರಿಗ್ರಹದ ಪರೀಕ್ಷೆ ನಡೆಯುವುದು ಅಲ್ಲಿಯೇ.