ಯಾವುದನ್ನು ಹಾಕಿಸಲಿ?

2021ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಸಿದ್ಧಾರ್ಥನಗರ ಜಿಲ್ಲೆಯಲ್ಲಿ ಒಂದು ಎಡವಟ್ಟಾಯಿತು. ಕೋವಿಡ್ ಲಸಿಕೆಯ ಮೊದಲ ಡೋಸ್ ಆಗಿ ಕೋವಿಶೀಲ್ಡ್ ಪಡೆದಿದ್ದ ಇಪ್ಪತ್ತು ಜನ ಹಳ್ಳಿಗರಿಗೆ ಎರಡನೆಯದಾಗಿ ಕೊವ್ಯಾಕ್ಸಿನ್ ಚುಚ್ಚಿಬಿಟ್ಟರು. ಅವರನ್ನು ಯಾರೂ ಕೇಳಿರಲಿಲ್ಲ, ಅವರು ಒಪ್ಪಿರಲೂ ಇಲ್ಲ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವಿಜ್ಞಾನಿಗಳು ಅವರಲ್ಲಿ ಹದಿನೆಂಟು ಮಂದಿಯನ್ನು ಪರೀಕ್ಷಿಸಿ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟಿಸಿದರು: ಅಪಾಯವೇನೂ ಕಾಣಲಿಲ್ಲ, ಒಂದೇ ಲಸಿಕೆ ಎರಡು ಸಲ ಪಡೆದವರಿಗಿಂತ ಇವರ ರಕ್ತದಲ್ಲಿ ಪ್ರತಿಕಾಯಗಳು ಚೆನ್ನಾಗಿಯೇ ಇದ್ದವು. ಹದಿನೆಂಟು ಜನರನ್ನು ನೋಡಿ ದೊಡ್ಡ ಮಾತಾಡುವಂತಿಲ್ಲ, ನಿಜ. ಆದರೂ ಆಯ್ಕೆಯೇ ಇಲ್ಲದವರ ಮೈಯಲ್ಲಿ, ನಾವು ಮುಂದೆ ತಲೆ ಕೆಡಿಸಿಕೊಳ್ಳಲಿದ್ದ ಪ್ರಶ್ನೆಯೊಂದು ತನ್ನಷ್ಟಕ್ಕೆ ಪರೀಕ್ಷೆಗೊಳಗಾಗಿತ್ತು.

ನಮ್ಮ ಸರದಿ ಬಂದದ್ದು ಮರುವರ್ಷ. ಬೂಸ್ಟರ್ ಎನ್ನದೆ ‘ಮುನ್ನೆಚ್ಚರಿಕೆ ಡೋಸ್’ ಎಂದು ಸರ್ಕಾರ ಕರೆದ ಮೂರನೆಯ ಚುಚ್ಚುಮದ್ದು 2022ರ ಜನವರಿ 10ರಂದು ಆರೋಗ್ಯ ಕಾರ್ಯಕರ್ತರಿಗೆ, ಕಾಯಿಲೆಯಿದ್ದ ಹಿರಿಯರಿಗೆ ಶುರುವಾಯಿತು. ಏಪ್ರಿಲ್‌ನಲ್ಲಿ ಹದಿನೆಂಟು ದಾಟಿದವರೆಲ್ಲರಿಗೂ ಖಾಸಗಿ ಆಸ್ಪತ್ರೆಗಳಲ್ಲಿ 225 ರೂಪಾಯಿಗೆ, ಸೇವಾ ಶುಲ್ಕ ಬೇರೆ. ಜುಲೈ 15ರಿಂದ 75 ದಿನ ಉಚಿತ. ಅಲ್ಲಿಯವರೆಗೂ ಮೊದಲೆರಡು ಯಾವುದೋ ಮೂರನೆಯದೂ ಅದೇ ಎಂಬ ನಿಯಮ. ಆಗಸ್ಟ್‌ನಲ್ಲಿ ಕಾರ್ಬೆವ್ಯಾಕ್ಸ್ ಎಂಬ ಬೇರೆ ಲಸಿಕೆಯನ್ನೂ ಮೂರನೆಯದಾಗಿ ಕೊಡಲು ಒಪ್ಪಿಗೆ ಸಿಕ್ಕಾಗ ಮಾತ್ರ ‘ಯಾವುದು?’ ಎಂದು ಕೇಳುವುದಕ್ಕೆ ಅರ್ಥ ಬಂತು. ಆದರೆ ಕೇಳುವವರೇ ಕಡಿಮೆಯಾಗಿದ್ದರು. ಸ್ಟಾಕ್ ಇಲ್ಲದ ದಿನಗಳಲ್ಲಿ ಬೆಳಗಿನ ಜಾವವೇ ಟೋಕನ್‌ಗೆ ನಿಂತ ಜನ, ಆರಿಸಿಕೊಳ್ಳಿ ಎಂದಾಗ ಮನೆಯಲ್ಲೇ ಉಳಿದರು.

ನಮ್ಮಮ್ಮ ಉಳಿಯಲಿಲ್ಲ. ಹಿಂದೆ ಕೋವಿಶೀಲ್ಡ್ ಹಾಕಿಸಿಕೊಂಡಾಗ ರಾತ್ರಿಯಿಡೀ ನಡುಕ, ಮೈಕೈ ನೋವು, ತಲೆದಿಂಬಿನ ಪಕ್ಕ ಡೋಲೊ ಮಾತ್ರೆ. ಅದನ್ನು ಆಕೆ ದೂರಿನಂತಲ್ಲ, ಹೆಚ್ಚುಗಾರಿಕೆಯಂತೆ ಹೇಳುತ್ತಿದ್ದಳು: “ಜ್ವರ ಬಂದ್ರೆ ತಾನೇ ಹಿಡೀತು ಅಂತ ಲೆಕ್ಕ?” ಪಕ್ಕದ ಮನೆಯವರು ಕೊವ್ಯಾಕ್ಸಿನ್‌ನವರು. ಅವರದು ಉಲ್ಟಾ ಕೊರಗು: “ನಂಗೇನೂ ಆಗ್ಲೇ ಇಲ್ಲ ಕಣ್ರೀ, ನೀರು ಚುಚ್ಚಿದ್ರೋ ಏನೋ.” ಜ್ವರ ಬಾರದವರ ಮೈಯಲ್ಲೂ ಲಸಿಕೆ ತನ್ನ ಕೆಲಸ ಮಾಡುತ್ತದೆ ಎಂದರೆ ಇಬ್ಬರಿಗೂ ಸಮಾಧಾನವಿಲ್ಲ. ನೋವನ್ನು ನಾವು ರಸೀದಿಯಂತೆ ಇಟ್ಟುಕೊಳ್ಳುತ್ತೇವೆ.

ಆ ನೋವಾದರೂ ಎಲ್ಲಾ ಔಷಧಿಯದಲ್ಲ. ಕೋವಿಡ್ ಲಸಿಕೆಗಳ ಹನ್ನೆರಡು ಪ್ರಯೋಗಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ಬಾಸ್ಟನ್‌ನ ಸಂಶೋಧಕರು 2022ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಸಲಿ ಲಸಿಕೆಯನ್ನೇ ಪಡೆಯದೆ ಹುಸಿಮದ್ದು ಪಡೆದವರಲ್ಲೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ಮೊದಲ ಚುಚ್ಚುಮದ್ದಿನ ನಂತರ ತಲೆನೋವು, ಸುಸ್ತಿನಂಥ ತೊಂದರೆ ಆಯಿತೆಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ಕಾದು ಕುಳಿತ ಮೈಗೆ ಕಾದದ್ದು ಸಿಕ್ಕಿತು, ಅಷ್ಟೆ.

“ನಂಗೇನೋ ಗೊತ್ತು, ನೀನ್ ಯಾವ್ದು ಅಂತೀಯೋ ಅದೇ ಹಾಕ್ಸು” ಎಂದಳು ಅಮ್ಮ. ನಾನು ಓದಲು ಕೂತೆ. ಕೋವಿಶೀಲ್ಡ್‌ನಲ್ಲಿ ನಿರುಪದ್ರವಿ ಮಾಡಿದ ಚಿಂಪಾಂಜಿ ವೈರಸ್ಸೊಂದು ಕೊರೊನಾದ ಮುಳ್ಳಿನ ವಂಶವಾಹಿಯನ್ನು ಹೊತ್ತು ತರುತ್ತದೆ. ಕೊವ್ಯಾಕ್ಸಿನ್‌ನಲ್ಲಿರುವುದು ಸತ್ತ ಕೊರೊನಾ ವೈರಸ್ಸೇ. ಕಾರ್ಬೆವ್ಯಾಕ್ಸ್‌ನಲ್ಲಿ ಆ ಮುಳ್ಳಿನ ಒಂದು ತುಣುಕು ಪ್ರೋಟೀನ್ ಮಾತ್ರ. ಓದಿದಷ್ಟೂ ತಿಳಿಯಿತು, ನಿರ್ಧಾರ ಮಾತ್ರ ಹತ್ತಿರ ಬರಲಿಲ್ಲ. ಏಕೆಂದರೆ ನಾನು ಹುಡುಕುತ್ತಿದ್ದದ್ದು ಮಾಹಿತಿಯನ್ನಲ್ಲ. ಹೆಚ್ಚುಕಮ್ಮಿಯಾದರೆ ನನ್ನ ತಲೆಗೆ ಬರದಂಥ ಉತ್ತರವನ್ನು. ಕೋವಿಡ್ ಬಂದು ಅಮ್ಮ ಮಲಗಿದರೆ ಅದು ಬಂದದ್ದು. ನಾನು ಹೇಳಿದ ಲಸಿಕೆಯಿಂದ ಮಲಗಿದರೆ ತಂದುಕೊಂಡದ್ದು. ಮೊದಲನೆಯದು ಸಾವಿರಪಾಲು ಹೆಚ್ಚು ಸಂಭವನೀಯವಾಗಿದ್ದರೂ ಮನಸ್ಸು ಹೆದರುವುದು ಎರಡನೆಯದಕ್ಕೇ. ವೈದ್ಯರು ಒಂದೇ ಮಾತಲ್ಲಿ ಮುಗಿಸಿದರು: “ಯಾವುದು ಸಿಗುತ್ತೋ ಅದನ್ನ ಹಾಕಿಸಿ.” ಹಾಕಿಸಿದೆ. ಏನೂ ಆಗಲಿಲ್ಲ, ಅಮ್ಮನಿಗೆ ಸ್ವಲ್ಪ ನಿರಾಸೆಯೇ ಆಯಿತು.

ವೈದ್ಯರ ಆ ಮಾತು ಅಮ್ಮನ ವಯಸ್ಸಿಗೆ ಸರಿ. ಎಲ್ಲ ವಯಸ್ಸಿಗೂ ಅಲ್ಲ. 2021ರ ಏಪ್ರಿಲ್‌ನಲ್ಲೇ ಬ್ರಿಟನ್ನಿನ ತಜ್ಞರ ಸಮಿತಿ, ಮೂವತ್ತರೊಳಗಿನವರಿಗೆ ಸಾಧ್ಯವಾದಲ್ಲಿ ಆಸ್ಟ್ರಾಜೆನೆಕಾ ಬದಲು ಬೇರೆ ಲಸಿಕೆ ಕೊಡಿ ಎಂದಿತು. ಮೇ ತಿಂಗಳಲ್ಲಿ ಆ ಗೆರೆಯನ್ನು ನಲವತ್ತಕ್ಕೆ ಏರಿಸಿತು. ಕಾರಣ, ಆ ಲಸಿಕೆಯ ನಂತರ ಕೆಲವರಲ್ಲಿ ಕಂಡ ರಕ್ತ ಹೆಪ್ಪುಗಟ್ಟುವ ತೊಂದರೆ. ಅದು ತೀರಾ ವಿರಳ. ಆದರೆ ಕೋವಿಡ್‌ನಿಂದ ಸಾಯುವ ಭಯವೇ ಅಷ್ಟಾಗಿ ಇಲ್ಲದ ಎಳೆಯರಿಗೆ ಆ ವಿರಳವೂ ತೂಗುತ್ತದೆ. ಅದೇ ಸೂತ್ರದ ಕೋವಿಶೀಲ್ಡ್ ಪಡೆದ ನಮ್ಮ ಎಳೆಯರಿಗೆ ಇಂಥ ಗೆರೆಯೇ ಇರಲಿಲ್ಲ. ಆ ತೊಂದರೆಯನ್ನು ಆಸ್ಟ್ರಾಜೆನೆಕಾ ಕಂಪನಿ ಲಂಡನ್ನಿನ ನ್ಯಾಯಾಲಯದ ದಾಖಲೆಯಲ್ಲಿ ಒಪ್ಪಿಕೊಂಡಿತೆಂಬ ಸುದ್ದಿ 2024ರಲ್ಲಿ ಬಂದಾಗ ಜನ ಎದೆ ಮುಟ್ಟಿ ನೋಡಿಕೊಂಡರು. ಆ ಅಪಾಯವಿರುವುದು ಚುಚ್ಚಿದ ಮೇಲಿನ ಕೆಲವು ವಾರ ಮಾತ್ರ. ಮೂರು ವರ್ಷ ಕಳೆದವರಿಗೆ ಹೆದರಲು ಕಾರಣವಿರಲಿಲ್ಲ. ಆದರೆ ಕೆಲವರ ಮನೆಯಲ್ಲಿ ಅದು ಬರೀ ಸುದ್ದಿಯಾಗಿರಲಿಲ್ಲ.

ಲಸಿಕೆಯ ನಂತರ ಮಗಳನ್ನು ಕಳೆದುಕೊಂಡ ಹೆತ್ತವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಮಾಣಪತ್ರ ಸಲ್ಲಿಸಿತು: ಲಸಿಕೆ ಕಾನೂನಿನಂತೆ ಕಡ್ಡಾಯವಾಗಿರಲಿಲ್ಲ, ಹಾಕಿಸಿಕೊಂಡದ್ದು ಸ್ವ ಇಚ್ಛೆಯಿಂದ, ಪರಿಹಾರ ಬೇಕಿದ್ದರೆ ಸಿವಿಲ್ ಕೋರ್ಟಿದೆ. ಅದನ್ನು ಓದಿದಾಗ ನನಗೆ ಸಿಟ್ಟು ಬಂತು. ಊರ ಹಿತಕ್ಕಾಗಿ ಹಾಕಿಸಿಕೊಳ್ಳಿ ಎಂದು ಕಾಲರ್ ಟ್ಯೂನ್‌ನಲ್ಲಿ ಹೇಳಿದವರು, ಒಬ್ಬರ ಮನೆ ಮುಳುಗಿದಾಗ ಅದು ನಿಮ್ಮ ಆಯ್ಕೆ ಎನ್ನುವುದು, ಮಗ ಹೇಳಿದ್ದನ್ನು ಹಾಕಿಸಿಕೊಂಡ ಅಮ್ಮನಿಗೆ ‘ನೀನೇ ತಾನೇ ತೋಳು ಕೊಟ್ಟದ್ದು’ ಎಂದಂತೆ. ಬ್ರಿಟನ್ನಿನಲ್ಲಿ 1979ರ ಕಾನೂನೊಂದಿದೆ. ಲಸಿಕೆಯಿಂದಲೇ ತೀವ್ರ ಹಾನಿಯಾಯಿತೆಂದು ಒಪ್ಪಿದರೆ, ಯಾರದು ತಪ್ಪು ಎಂದು ಕೇಳದೆ ಸರ್ಕಾರವೇ 1.2 ಲಕ್ಷ ಪೌಂಡ್ ಕೊಡುತ್ತದೆ. ಶೇ 60ರಷ್ಟು ಊನವಾಗಿರಬೇಕೆಂಬ ಷರತ್ತು ಕ್ರೂರ, ಹಣ ಸಾಲದು ಎಂದು ಅಲ್ಲಿನವರು ಜಗಳವಾಡುತ್ತಲೇ ಇದ್ದಾರೆ. ನಮಗೆ ಆ ಜಗಳವಾಡಲು ಅಂಥ ಕಾನೂನೇ ಇರಲಿಲ್ಲ.