ದೀವದ ಹಕ್ಕಿ

ಬೆಳಗಾವಿಯಿಂದ ವೆಂಗುರ್ಲೆಗೆ ಹೋಗುವ ಹಾದಿಯ ಮೇಲಿರುವ ಹಿಂಡಲಗಾ ಗ್ರಾಮವು ಹೊರಗಿನವರಿಗೆ ತನ್ನ ಕಾರಾಗೃಹದಿಂದಲೇ ಹೆಚ್ಚು ಪರಿಚಿತವಾಗಿದೆ. ಆ ಊರಿನ ಒಂದು ಮನೆಯ ಅಟ್ಟದ ಮೇಲೆ ಬೇರೊಂದು ಬಗೆಯ ಸೆರೆಮನೆಯುಂಟು: ಬಿದಿರುಕಡ್ಡಿಗಳಿಂದ ಹೆಣೆದ ಚಿಕ್ಕ ಪಂಜರ. ಅದಕ್ಕೆ ಹೊದಿಸುತ್ತಿದ್ದ ಬಟ್ಟೆಯ ಮುಸುಕು ಜೀರ್ಣವಾಗಿ ಹೋಗಿದೆ. ಕಡ್ಡಿಗಳು ಮಾತ್ರ ಕೈ ಆಡಿದ ನುಣುಪನ್ನು ಇನ್ನೂ ಬಿಟ್ಟಿಲ್ಲ. ಈಗಿನ ಯಜಮಾನನ ತಾತನು ಅದರಲ್ಲಿ ಕವುಜುಗವನ್ನು ಸಾಕಿದ್ದನಂತೆ. ಅದು ಚೆಂದಕ್ಕಾಗಿ ಸಾಕಿದ ಹಕ್ಕಿಯಲ್ಲ, ದೀವದ ಹಕ್ಕಿ.

ಪ್ರಾಚೀನ ಕನ್ನಡ ಕಾವ್ಯಗಳ ಬೇಟೆಯ ವರ್ಣನೆಗಳನ್ನು ಓದಿದವರಿಗೆ ಈ ಶಬ್ದವು ಹೊಸದಲ್ಲ. ‘ದೀಹ’ ಎಂದೂ ಅದಕ್ಕೆ ರೂಪವುಂಟು. ತನ್ನ ಜಾತಿಯ ಪ್ರಾಣಿಗಳನ್ನು ಬಲೆಯ ಬಳಿಗೆ ಸೆಳೆಯುವ ಸಲುವಾಗಿ ಬೇಟೆಗಾರನು ಪಳಗಿಸಿಟ್ಟುಕೊಂಡ ಮಿಗವಾಗಲಿ ಹಕ್ಕಿಯಾಗಲಿ ದೀವವೆನಿಸುವದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಮೃಗಯೆಯನ್ನು ಅರಸರ ವಿನೋದಗಳಲ್ಲಿ ಎಣಿಸಿದೆ. ಅರಸರಿಗೆ ವಿನೋದವಾದದ್ದೇ ಈ ಸೀಮೆಯ ಹರಣಶಿಕಾರಿ, ಪಾರಧಿ ಮೊದಲಾದ ಜನರಿಗೆ ಹೊಟ್ಟೆಯ ಪಾಡಾಗಿತ್ತು. ಅವರನ್ನು ಆಂಗ್ಲ ಸರಕಾರವು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲಿಸಿತು. 1871ರಲ್ಲಿ ಮೊದಲಾದ ಆ ಕಾಯಿದೆಯು ದೇಶದಿಂದ ಪೂರ್ತಿಯಾಗಿ ತೊಲಗಿದ್ದು 1952ರಲ್ಲಿ. ಅದೇ ಕಾಲದಲ್ಲಿ ಅದೇ ಕಾಡುಗಳಲ್ಲಿ ಬಂದೂಕು ಹಿಡಿದು ತಿರುಗಿದ ಸಾಹೇಬರು ರಸಿಕರೆನಿಸಿಕೊಂಡರೆಂಬದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು.

ದೀವದ ಹಕ್ಕಿಯ ಆರೈಕೆ ಸಾಮಾನ್ಯವಾದದ್ದಲ್ಲ. ಮರಿಯಿರುವಾಗಲೇ ತಂದು, ಕೈಯಿಂದ ತಿನ್ನಿಸಿ, ಮನುಷ್ಯನ ಅಂಜಿಕೆಯನ್ನು ಬಿಡಿಸಬೇಕು. ಹುತ್ತವನ್ನು ಅಗೆದು ಗೆದ್ದಲು ತರಬೇಕು. ಕಾಳು, ನೀರು, ಎಳೆಬಿಸಿಲು ಇವುಗಳ ಹೊತ್ತು ತಪ್ಪಬಾರದು. ಬೆಕ್ಕು ಮುಂಗುಸಿಗಳಿಂದ ಕಾಯಬೇಕು. ಇಷ್ಟೆಲ್ಲ ಮಾಡಿದವನಿಗೆ ಹಕ್ಕಿಯ ಮೇಲೆ ಮಮತೆ ಹುಟ್ಟದಿರದು. ಹಕ್ಕಿಯೂ ಅವನ ಹೆಜ್ಜೆಯ ಸಪ್ಪಳವನ್ನು ಗುರುತಿಸಿ ದನಿಗೊಡುವದು. ಇಂಥ ಹಕ್ಕಿಯನ್ನು ಬೆಳಗಿನ ಜಾವ ಮುಸುಕಿನೊಳಗೆ ಹೊಲದ ಬದುವಿಗೆ ಒಯ್ದು, ಸುತ್ತಲೂ ಉರುಳುಗಳನ್ನು ಹೂಡಿ, ಮುಸುಕು ಸರಿಸಿ, ತಾನು ಮರೆಯಾಗುವನು. ಹಕ್ಕಿ ಕೂಗುವದು. ಆ ನೆಲವು ತನ್ನದೆಂದು ಬಗೆದ ಅಡವಿಯ ಗಂಡು ಹಕ್ಕಿಯು ಪರಕೀಯನನ್ನು ಅಟ್ಟಲೆಂದು ರೋಷದಿಂದ ಓಡಿಬರುವದು. ಓಡಿಬಂದದ್ದು ಉರುಳಿನಲ್ಲಿ ಕಾಲಿಡುವದು.

ಇದು ಈ ದೇಶದ ಯುಕ್ತಿ ಮಾತ್ರವಲ್ಲ. ಅಮೇರಿಕೆಯ ಬೇಟೆಗಾರರು ಟರ್ಕಿ ಕೋಳಿಯನ್ನು ಕರೆಯಲು ಕಟ್ಟಿಗೆಯ ಪುಟ್ಟ ಪೆಟ್ಟಿಗೆಯನ್ನು ಕೈಯಿಂದ ಮಾಡಿಕೊಳ್ಳುವರು. ಅದರ ತೆಳುವಾದ ಅಂಚಿನ ಮೇಲೆ ಮುಚ್ಚಳವನ್ನು ತೀಡಿದರೆ ಹೆಣ್ಣುಕೋಳಿಯ ದನಿ ಹೊರಡುವದು. 1897ರಲ್ಲಿ ಹೆನ್ರಿ ಗಿಬ್ಸನ್ ಎಂಬವನು ಇಂಥದೊಂದು ಪೆಟ್ಟಿಗೆಗೆ ಪೇಟೆಂಟು ಪಡೆದನು. ಅದನ್ನು ಜೋಪಾನ ಮಾಡುವ ಕ್ರಮವು ವೈಣಿಕನು ವೀಣೆಯನ್ನು ನೋಡಿಕೊಳ್ಳುವದಕ್ಕಿಂತ ಕಡಿಮೆಯದಲ್ಲ. ತೀಡುವ ಭಾಗಕ್ಕೆ ಬೆರಳಿನ ಜಿಡ್ಡು ಸೋಕಬಾರದು, ತೇವ ತಗಲಬಾರದು. ಎಣ್ಣೆಯಂಶವಿಲ್ಲದ ಸೀಮೆಸುಣ್ಣವನ್ನು ಹಚ್ಚುತ್ತಿರಬೇಕು. ವಸಂತಕಾಲದಲ್ಲಿ ಗಂಡು ಕೂಗಿದರೆ ಹೆಣ್ಣು ಅದರ ಬಳಿಗೆ ಹೋಗುವದು ಸೃಷ್ಟಿಯ ನಿಯಮ. ಈ ಪೆಟ್ಟಿಗೆಯು ಅದನ್ನು ತಿರುಗುಮುರುಗು ಮಾಡಿ ಗಂಡನ್ನೇ ಬಂದೂಕಿನ ಮುಂದೆ ನಡೆಯಿಸಿ ತರುವದು.

ಬೇಟೆ ಹಿಂಸೆಯೆಂಬದು ಸ್ಪಷ್ಟವಿದೆ. ಅದರ ಚರ್ಚೆ ಇಲ್ಲಿ ಬೇಡ. ಕೊಲ್ಲುವದಕ್ಕಿಂತ ಮೊದಲು ಕರೆಯುವ ಕ್ರಿಯೆಯೊಂದು ಇದೆಯಷ್ಟೆ. ಅದರ ಹೊಣೆ ಯಾರದು? ಮನುಸ್ಮೃತಿಯ ಐದನೆಯ ಅಧ್ಯಾಯವು ಅನುಮತಿ ಕೊಟ್ಟವನು, ಕತ್ತರಿಸಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಎಲ್ಲರನ್ನೂ ಘಾತಕರೆಂದು ಎಣಿಸುವದು. ಕರೆದವನ ಹೆಸರು ಆ ಎಣಿಕೆಯಲ್ಲಿಲ್ಲ. ವೈಯಾಕರಣರನ್ನು ಕೇಳಿದರೆ, ಸ್ವತಂತ್ರನಾದವನು ಕರ್ತೃ, ಅವನನ್ನು ಪ್ರೇರಿಸಿದವನು ಹೇತು, ಸಾಧನವಾದದ್ದು ಕರಣವೆಂದು ಪಾಣಿನಿಯ ಮತವನ್ನು ಹೇಳಿಯಾರು. ಕಟ್ಟಿಗೆಯ ಪೆಟ್ಟಿಗೆಯು ನಿಸ್ಸಂದೇಹವಾಗಿ ಕರಣ. ಆದರೆ ಪಂಜರದ ಹಕ್ಕಿ? ಅದು ತಾನಾಗಿಯೇ ಕೂಗುವದು. ತನ್ನ ಕೂಗಿನ ಫಲವನ್ನು ಕಣ್ಣೆದುರಿಗೆ ಕಾಣುವದು.

ಈ ಸಂಶಯವು ಆ ಹಕ್ಕಿಗೇ ಬಂದ ಕತೆಯೊಂದು ಬೌದ್ಧರ ಜಾತಕಗಳಲ್ಲಿದೆ. ಬೇಡನೊಬ್ಬನು ತಿತ್ತಿರಿಯನ್ನು ದೀವವಾಗಿ ಸಾಕಿದ್ದನು. ಕೂಗಿದರೆ ಬಂಧುಗಳು ಸಿಕ್ಕಿಬೀಳುವರೆಂದು ಅದು ಸುಮ್ಮನಿದ್ದರೆ ಬೇಡನು ಅದರ ತಲೆಗೆ ಬಿದಿರುಕೋಲಿನಿಂದ ಹೊಡೆಯುವನು. ನೋವಿನಿಂದ ಅದು ಚೀರುವದು. ಆ ಚೀರುವಿಕೆಯೇ ಕರೆಯಾಗುವದು. ಈ ಪಾಪವು ತನಗೆ ತಗಲುವದೋ ಎಂದು ಅದು ತಾಪಸನೊಬ್ಬನನ್ನು ಕೇಳಿತು. ನಿನ್ನ ಮನಸ್ಸಿನಲ್ಲಿ ದುಷ್ಟ ಸಂಕಲ್ಪವಿಲ್ಲದ ಮೂಲಕ ನಿನಗೆ ದೋಷವಿಲ್ಲವೆಂದು ತಾಪಸನು ಅದನ್ನು ಸಂತೈಸಿದನು. ಸಮಾಧಾನವು ನ್ಯಾಯವಾದದ್ದೇ. ಆದರೆ ಹಕ್ಕಿಯು ಬಿಡುಗಡೆ ಹೊಂದಿದ ಪಾಪವು ಗಾಳಿಗೆ ಹೋಗದು. ಅಷ್ಟೂ ಬೇಡನ ಪಾಲಿಗೇ ಬರುವದು. ಅವನು ಹಾಕಿದ ಕಾಳಾಗಲಿ ತೋರಿದ ಮಮತೆಯಾಗಲಿ ಅದರಲ್ಲಿ ಒಂದು ಕಾಸನ್ನೂ ವಜಾ ಮಾಡಲಾರವು. ಹಕ್ಕಿಗೆ ಸಂಶಯವಾದರೂ ಹುಟ್ಟಿತು. ಕಟ್ಟಿಗೆಗೆ ಅದೂ ಹುಟ್ಟದಾದ್ದರಿಂದ ಹಿಡಿದ ಕೈಯೇ ಆ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗುವದು.

ಕೃಷ್ಣಯಜುರ್ವೇದದ ತೈತ್ತಿರೀಯ ಶಾಖೆಗೆ ಹೆಸರು ಬಂದದ್ದು ಈ ತಿತ್ತಿರಿಯಿಂದಲೇ ಎಂದು ಪುರಾಣದ ಕತೆ. ಯಾಜ್ಞವಲ್ಕ್ಯನು ಕಾರಿದ ವೇದವನ್ನು ಸಹಪಾಠಿಗಳು ತಿತ್ತಿರಿಗಳಾಗಿ ಹೆಕ್ಕಿಕೊಂಡರಂತೆ. ಆ ಶಾಖೆಯ ಉಪನಿಷತ್ತೇ ಶಿಷ್ಯನನ್ನು ಬೀಳ್ಕೊಡುವಾಗ ಎಲ್ಲಕ್ಕೂ ಮೊದಲು ಸತ್ಯವಚನವನ್ನು ವಿಧಿಸುವದು. ಅದೇ ಹಕ್ಕಿಯ ದನಿಯು ವಂಚನೆಗೆ ಉಪಯೋಗವಾದದ್ದು ವಿಪರ್ಯಾಸವೇ ಸರಿ. ರಾಮಾಯಣದಲ್ಲಿ ಮಾರೀಚನು ಸಾಯುವಾಗ ರಾಮನ ದನಿಯಲ್ಲಿ ಕೂಗಿದನು. ಸೀತೆಗೆ ರಾಮನಲ್ಲಿ ಪ್ರೀತಿಯಿಲ್ಲದಿದ್ದರೆ ಆ ಕೂಗು ಬರಿಯ ಸದ್ದಾಗುತ್ತಿತ್ತು. ಕಳ್ಳಗರೆಯು ನಡೆಯುವದು ಕೇಳುವವರೊಳಗೆ ಸಾಚಾ ಆದದ್ದೊಂದು ಇದ್ದರೆ ಮಾತ್ರ: ಸ್ನೇಹವೋ, ಸ್ವಾಭಿಮಾನವೋ, ತನ್ನವರನ್ನು ಕಾಯುವ ಕಾಳಜಿಯೋ. ಕದಿಯಲ್ಪಡುವದು ಅದೇ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉರುಳು, ಬಲೆ, ಆಮಿಷಗಳನ್ನೂ ಬೇಟೆಯಲ್ಲಿಯೇ ಸೇರಿಸಿತು. ಖಾನಾಪುರದ ಭೀಮಗಡದ ಅಡವಿಯು 2011ರಲ್ಲಿ ಅಭಯಾರಣ್ಯವಾಯಿತು. ಹಿಂಡಲಗಾದ ಪಂಜರ ಅಟ್ಟವೇರಿ ಬಹುಕಾಲವಾಯಿತು. ಅಷ್ಟಕ್ಕೆ ಪ್ರಶ್ನೆ ತೀರಲಿಲ್ಲ. ಆ ಮನೆಯ ಮೊಮ್ಮಗನು ಕಾಲೇಜಿನ ಹುಡುಗ, ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸದವನು. ಒಂದು ಸಂಜೆ ಅಜ್ಜನೊಡನೆ ಹೊಲಕ್ಕೆ ಹೋದಾಗ ಮೊಬಾಯಿಲಿನಲ್ಲಿ ಮುದ್ರಿತವಾದ ಕವುಜುಗದ ಕೂಗನ್ನು ಹಚ್ಚಿದನು. ಪೊದೆಯಿಂದ ಗಂಡು ಹಕ್ಕಿಯೊಂದು ಕತ್ತು ನಿಗುರಿಸಿ ಬದುವಿಗೆ ಓಡಿಬಂದಿತು. ಚಿತ್ರವು ಚೆನ್ನಾಗಿಯೇ ಬಂದಿತು. ಅಜ್ಜನಿಗೆ ಅಟ್ಟದ ಪಂಜರ ನೆನಪಾಗಿ ಹಾಗೆಂದನು.

“ಅಜ್ಜಾ, ನಾ ಏನ್ ಸುಳ್ಳ ಹೇಳೇನಿ? ಇದು ಖರೇ ಹಕ್ಕೀದೇ ದನಿ ಅದ. ಮತ್ತ ನಾ ಅದನ್ನ ಹಿಡದೂ ಇಲ್ಲ, ಹೊಡದೂ ಇಲ್ಲ.”

“ದೀವದ ಹಕ್ಕೀದೂ ಖರೇ ದನೀನೇ ಇತ್ತಪಾ. ಸುಳ್ಳು ದನಿಯೊಳಗ ಇರಲಿಲ್ಲ. ಪಂಜರಾ ಇಟ್ಟ ಜಾಗಾದಾಗ ಇತ್ತು.”

ಹುಡುಗನ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಹಕ್ಕಿಗಳನ್ನು ಎಣಿಸುವ ವಿದ್ವಾಂಸರೂ ಇದೇ ಉಪಾಯವನ್ನು ಹಿತಮಿತವಾಗಿ ಬಳಸುವರು. ಕೊಲೆಯಿಲ್ಲದ ಕರೆಯನ್ನು ಕೊಲೆಯ ಕರೆಯೊಡನೆ ತೂಗುವದು ಅನ್ಯಾಯವಾದೀತು. ಆದರೂ ಗೂಡುಕಟ್ಟುವ ದಿನಗಳಲ್ಲಿ ಮೇವನ್ನೂ ಮರಿಗಳನ್ನೂ ಬಿಟ್ಟು, ಇಲ್ಲದ ಶತ್ರುವಿನೊಡನೆ ಹೋರಾಡಲು ಬಂದ ಹಕ್ಕಿಗೆ ಆದ ನಷ್ಟವನ್ನು ಚಿತ್ರದ ಅಂದದಿಂದ ತುಂಬಿಕೊಡಲಾಗದು.

“ತುಸು ಹೊತ್ತಿಗೆ ಮರತು ಹೋಗತದ ಬಿಡು ಅಜ್ಜಾ.”

“ಹೋದೀತು. ಯಾಕ ಕರದಿ ಅಂತ ಅದು ಕೇಳಿದ್ರ ಏನ್ ಹೇಳತಿ?”

ಹುಡುಗನು ಮಾತಾಡದೆ ಮೊಬಾಯಿಲನ್ನು ಕಿಸೆಗೆ ಹಾಕಿದನು. ಕವುಜುಗವು ಬದುವಿನ ಮೇಲೆ ಅತ್ತಿತ್ತ ನಡೆಯುತ್ತ, ನಿಂತು ಆಲಿಸುತ್ತ, ಕತ್ತಲಾಗುವವರೆಗೆ ಕೂಗುತ್ತಲೇ ಇತ್ತು.