ಓದು ಬಾರದ ತಂದೆತಾಯಿಗಳೂ ಮಕ್ಕಳ ಓದೂ

ಮಗುವನ್ನು ಶಾಲೆಗೆ ಸೇರಿಸಿದೊಡನೆ ಅದರ ವಿದ್ಯೆಯ ಹೊಣೆಯು ತಂದೆತಾಯಿಗಳ ಹೆಗಲಿನಿಂದ ಇಳಿದುಹೋಗುವದೋ? ಇದು ಹಳ್ಳಿಯ ಪ್ರತಿಯೊಂದು ಮನೆಯವರು ತಮ್ಮನ್ನು ತಾವೇ ಕೇಳಿಕೊಳ್ಳತಕ್ಕ ಪ್ರಶ್ನೆ. ಯಾಕಂದರೆ ಅನೇಕರು, "ನಮಗೆ ಅಕ್ಷರ ಬಾರದು, ಮಗುವನ್ನು ಮೇಷ್ಟ್ರ ಕೈಗೆ ಒಪ್ಪಿಸಿದ್ದೇವೆ, ಇನ್ನು ಅವರುಂಟು, ಅದುಂಟು" ಎಂದು ಹೇಳಿ ಸುಮ್ಮನಾಗುತ್ತಾರೆ. ಈ ಮಾತಿನಲ್ಲಿ ದೀನತೆಯೂ ಉಪಾಧ್ಯಾಯರ ಮೇಲಣ ಗೌರವವೂ ಇವೆ. ಆದರೂ ಇದರೊಳಗೆ ಒಂದು ದೊಡ್ಡ ತಪ್ಪು ಅಡಗಿದೆ.

ನಮ್ಮ ದೇಶದ ಕಾನೂನು ಈ ಹೊಣೆಯನ್ನು ಒಬ್ಬರ ಮೇಲೆಯೇ ಹೊರಿಸಲಿಲ್ಲ. 2002ರಲ್ಲಿ ಸಂವಿಧಾನಕ್ಕೆ ಮಾಡಿದ 86ನೆಯ ತಿದ್ದುಪಡಿಯು, 6ರಿಂದ 14 ವರುಷದ ಮಕ್ಕಳಿಗೆ ಉಚಿತವಾಗಿ ವಿದ್ಯೆ ಕೊಡುವದು ಸರಕಾರದ ಕರ್ತವ್ಯವೆಂದೂ, ಆ ವಿದ್ಯೆಗೆ ಅವಕಾಶ ಮಾಡಿಕೊಡುವದು ತಂದೆತಾಯಿಗಳ ಕರ್ತವ್ಯವೆಂದೂ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಮಕ್ಕಳ ತಂದೆತಾಯಿಗಳೂ ಪೋಷಕರೂ ಆಗಿರಬೇಕು; ಅರ್ಧ ಮಂದಿ ಸ್ತ್ರೀಯರಾಗಿರಬೇಕು. ಅವರು ಓದು ಬಲ್ಲವರೇ ಆಗಿರಬೇಕೆಂದು ಅದು ವಿಧಿಸಲಿಲ್ಲ. ಹೀಗಿರಲಾಗಿ, ಹೆಬ್ಬೆಟ್ಟು ಒತ್ತುವ ತಾಯಿಗೂ ಆ ಸಭೆಯಲ್ಲಿ ಕುಳಿತು, "ನನ್ನ ಮಗಳು ಎರಡು ವರುಷದಿಂದ ಶಾಲೆಗೆ ಬರುತ್ತಿದ್ದಾಳೆ, ಒಂದು ಸಾಲು ಓದಲಾರಳು, ಕಾರಣವೇನು?" ಎಂದು ಕೇಳುವ ಅಧಿಕಾರವುಂಟು.

ಆದರೆ ಕಾನೂನು ಮನೆಯ ಬಾಗಿಲ ತನಕ ಮಾತ್ರ ಬರುವದು. ಒಳಗೆ ಮಾಡತಕ್ಕದ್ದನ್ನು ಮನೆಯವರೇ ಮಾಡಬೇಕು. ಅದು ಯಾವದು?

ಒಂದನೆಯದು, ಮಗುವನ್ನು ತಪ್ಪದೆ ಕಳುಹಿಸುವದು. ಮೇಲೆ ಹೇಳಿದ ಕಾಯಿದೆಯು ಒಂದರಿಂದ ಐದನೆಯ ತರಗತಿಗಳಿಗೆ ವರುಷಕ್ಕೆ ಕನಿಷ್ಠ 200 ದಿವಸಗಳ ಪಾಠವನ್ನು ಗೊತ್ತುಮಾಡಿದೆ. ಸಂತೆಯೆಂದು ಒಂದು ದಿನ, ಜಾತ್ರೆಯೆಂದು ಒಂದು ದಿನ, ಕಳೆ ಕೀಳುವದಕ್ಕೆಂದು ಎರಡು ದಿನ, ಹೀಗೆ ತಿಂಗಳಿಗೆ ನಾಲ್ಕು ದಿನ ನಿಲ್ಲಿಸಿದರೆ ಹತ್ತು ತಿಂಗಳಲ್ಲಿ 40 ದಿನಗಳಾದವು. ಅಂದರೆ ಐದರಲ್ಲಿ ಒಂದು ಪಾಲು ಹೋಯಿತು. ಐದು ಮೂಟೆ ರಾಗಿಯಲ್ಲಿ ಒಂದು ಮೂಟೆಯನ್ನು ದಾರಿಯಲ್ಲಿ ಚೆಲ್ಲಿ ಬರುವವನನ್ನು ನಾವು ಏನನ್ನುವೆವು? ಚೆಲ್ಲಿದ ರಾಗಿಯಾದರೂ ಕಣ್ಣಿಗೆ ಕಾಣುವದು. ತಪ್ಪಿದ ಪಾಠವು ಕಾಣುವದಿಲ್ಲ. ಅಕ್ಷರ ಕಲಿಯುವ ಮೊದಲ ವರುಷಗಳಲ್ಲಿ ಈ ನಷ್ಟವು ಹೆಚ್ಚು; ಯಾಕಂದರೆ ಮುಂದಿನ ಪಾಠಗಳೆಲ್ಲಾ ಅದರ ಮೇಲೆಯೇ ನಿಲ್ಲುವವು.

ಇಲ್ಲಿ ಇನ್ನೊಂದು ಮಾತನ್ನು ಮರೆಮಾಡದೆ ಹೇಳಬೇಕಾಗಿದೆ. ತೊಟ್ಟಿಲ ಕೂಸನ್ನು ನೋಡಿಕೊಳ್ಳುವದಕ್ಕೆ ಯಾರನ್ನು ಮನೆಯಲ್ಲಿ ನಿಲ್ಲಿಸುತ್ತೇವೆ? ಹುಡುಗನನ್ನಲ್ಲ, ಹಿರಿಯ ಹುಡುಗಿಯನ್ನೇ. ಅವಳು ಬೇಸರಪಡದೆ ನಿಲ್ಲುತ್ತಾಳೆ, ಆದಕಾರಣ ಅನ್ಯಾಯವು ನಮಗೆ ಅನ್ಯಾಯವೆಂದು ತೋರುವದಿಲ್ಲ. ಇಬ್ಬರೂ ಒಂದೇ ಹೊಟ್ಟೆಯ ಮಕ್ಕಳಾಗಿರುವಾಗ ಒಬ್ಬರ ದಿನಗಳನ್ನು ತೆಗೆದು ಇನ್ನೊಬ್ಬರಿಗೆ ಕೊಡುವ ಹಕ್ಕು ನಮಗೆ ಎಲ್ಲಿಂದ ಬಂತು? 3 ವರುಷ ತುಂಬಿದ ಮಕ್ಕಳನ್ನು ಅಂಗನವಾಡಿಗೆ ಕಳುಹಿಸಬಹುದು. ಅದಕ್ಕಿಂತ ಚಿಕ್ಕ ಕೂಸುಗಳನ್ನು ನೆರೆಹೊರೆಯ ಮನೆಗಳವರು ಸರದಿಯಿಂದ ನೋಡಿಕೊಳ್ಳಬಹುದು. ಇದು ಸುಲಭವಲ್ಲ. ಆದರೆ ಸುಲಭವಲ್ಲದ ಕೆಲಸದ ಭಾರವನ್ನು ಎಂಟು ವರುಷದ ಹುಡುಗಿಯ ಸೊಂಟದ ಮೇಲೆ ಇಡುವದು ನ್ಯಾಯವೂ ಅಲ್ಲ.

ಎರಡನೆಯದು, ಮಗುವಿನ ಸಂಗಡ ಮಾತಾಡುವದು. ಅಕ್ಷರವನ್ನು ಕೂಡಿಸಿ ಓದುವ ಮಗುವು, ತಾನು ಮೊದಲೇ ಕಿವಿಯಿಂದ ಕೇಳಿದ ಶಬ್ದವಾದರೆ ಬೇಗನೆ ಗುರುತಿಸುವದು. ಕೇಳದ ಶಬ್ದವಾದರೆ ಉಚ್ಚರಿಸಿದರೂ ತಿಳಿಯಲಾರದು. ಆದದರಿಂದ ಕಥೆ ಹೇಳುವ ಅಜ್ಜಿಯೂ ಒಗಟು ಹಾಕುವ ಅಜ್ಜನೂ ಓದಿನ ಅಡಿಪಾಯವನ್ನು ಕಟ್ಟುವವರೇ. ಮನೆಯ ಮಾತು ತುಳುವಾಗಲಿ ಲಂಬಾಣಿಯಾಗಲಿ ನಾಚಿಕೆಪಡಬೇಡಿರಿ. ಮನೆಯ ಮಾತಿನಲ್ಲಿ ಯೋಚಿಸಲು ಬಲ್ಲ ಮಗುವಿಗೆ ಶಾಲೆಯ ಮಾತು ಸುಲಭವಾಗುವದು. ಹುಣಸೇಬೀಜ ಎಣಿಸುವದು, ಅಳಗುಳಿಮಣೆ ಆಡುವದು, ಅಂಗಡಿಯ ಚಿಲ್ಲರೆ ಲೆಕ್ಕ ಹೇಳಿಸುವದು, ಇವೆಲ್ಲಾ ಗಣಿತವೇ. ಸಾಯಂಕಾಲ ಒಲೆಯ ಮುಂದೆ ಕುಳಿತ ತಾಯಿಯು, "ಇವತ್ತು ಏನು ಕಲಿತೆ, ಮಗಾ? ನನಗೂ ಹೇಳು" ಎಂದು ಕೇಳಿದರೆ ಮಗುವು ಕಲಿತದ್ದನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳುವದು. ತಾಯಿಗೆ ಓದು ಬಾರದೆ ಇರುವದು ಇಲ್ಲಿ ಕೊರತೆಯಲ್ಲ. ತಿಳಿಯದವರಿಗೆ ತಿಳಿಸುವಾಗಲೇ ತನ್ನ ತಿಳುವಳಿಕೆ ಗಟ್ಟಿಯಾಗುವದು.

ಮೂರನೆಯದು, ಶಾಲೆಯ ಹೊಸಲನ್ನು ದಾಟಿ ನೋಡುವದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾಗಿ ರಾಜ್ಯದ ಸರಕಾರಿ ಶಾಲೆಗಳಲ್ಲಿ ಹರಡಿದ ನಲಿ-ಕಲಿ ಪದ್ಧತಿಯನ್ನು ಕಂಡ ಕೆಲವರು, "ಮಕ್ಕಳು ಕಾರ್ಡು ಹಿಡಿದು ಆಡುತ್ತವೆ, ಪಾಠವೇ ಇಲ್ಲ" ಎಂದು ದೂರುವದುಂಟು. ಒಳಗೆ ಹೋಗಿ ವಿಚಾರಿಸಿದರೆ ತಿಳಿಯುವದೇನಂದರೆ, ಗೋಡೆಯ ಮೇಲೆ ಕಲಿಕೆಯ ಏಣಿಯೊಂದಿದೆ. ಪ್ರತಿಯೊಂದು ಮಗುವು ತನ್ನ ಶಕ್ತಿಗೆ ತಕ್ಕ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅದನ್ನು ಏರುತ್ತದೆ. ಜ್ವರದಿಂದ ಮಲಗಿ ಎದ್ದು ಬಂದ ಮಗುವು ತಾನು ನಿಂತ ಮೆಟ್ಟಿಲಿನಿಂದಲೇ ಮುಂದಕ್ಕೆ ಹೋಗುತ್ತದೆ. "ನನ್ನ ಮಗು ಯಾವ ಮೆಟ್ಟಿಲಿನಲ್ಲಿದೆ?" ಎಂದು ಕೇಳುವದಕ್ಕೆ ಅಕ್ಷರಜ್ಞಾನ ಬೇಕಾಗಿಲ್ಲ.

ನಾಲ್ಕನೆಯದು, ಹೊಡೆಯದೆ ಹಂಗಿಸದೆ ಇರುವದು. ಶಾಲೆಯಲ್ಲಿ ಮಗುವನ್ನು ಹೊಡೆಯುವದನ್ನೂ ಮನಸ್ಸು ನೋಯಿಸುವದನ್ನೂ ಕಾಯಿದೆಯು ನಿಷೇಧಿಸಿದೆ. ಹೀಗಿರುವಾಗ, "ಚೆನ್ನಾಗಿ ಬಾರಿಸಿರಿ, ಮೇಷ್ಟ್ರೇ" ಎಂದು ನಾವೇ ಹೇಳಬಹುದೋ? "ಪಕ್ಕದ ಮನೆಯವನನ್ನು ನೋಡಿ ಕಲಿ, ನೀನು ದಡ್ಡ" ಎಂಬ ಮಾತನ್ನು ಮಗುವು ಪಾಠಕ್ಕಿಂತ ಬೇಗನೆ ಬಾಯಿಪಾಠ ಮಾಡುವದು, ಮತ್ತು ಅದನ್ನು ಮರೆಯದು.

ಕೆಲವರು ಆಕ್ಷೇಪಿಸಿ, "ಹೊತ್ತು ಮೂಡುವದಕ್ಕೆ ಮುಂಚೆ ಕೂಲಿಗೆ ಹೋಗಿ ಕತ್ತಲಾದ ಮೇಲೆ ಬರುವವರ ಮೇಲೆ ಇನ್ನೊಂದು ಹೊರೆಯನ್ನು ಹೊರಿಸುವದು ದಯೆಯೋ?" ಎಂದು ಕೇಳುವರು. ಇದು ನ್ಯಾಯವಾದ ಪ್ರಶ್ನೆ. ಉಪಾಧ್ಯಾಯರಿಲ್ಲದ ಶಾಲೆಗೂ ಸೋರುವ ಮಾಡಿಗೂ ಬಡವರು ಉತ್ತರ ಕೊಡಬೇಕಾಗಿಲ್ಲ. ಅದಕ್ಕೆ ಸರಕಾರವೇ ಉತ್ತರ ಕೊಡತಕ್ಕದ್ದು. ಕಲಿಸದ ಉಪಾಧ್ಯಾಯರು, "ಇದರ ಮನೆಯಲ್ಲಿ ಯಾರೂ ಓದಿಸುವದಿಲ್ಲ" ಎಂದು ಹೇಳಿ ತಪ್ಪಿಸಿಕೊಳ್ಳುವದು ಸರಿಯಲ್ಲ. ಪ್ರತಿಯೊಬ್ಬರ ಹೊಣೆಯು ಅವರವರ ಶಕ್ತಿಯಷ್ಟೇ. ಆದರೆ ಮನೆಯವರ ಕೈಯಲ್ಲಿ ಮಾತ್ರ ಇರುವ ಒಂದು ವಸ್ತುವುಂಟು: ನಿನ್ನ ಕಲಿಕೆ ನಮಗೆ ಬೆಲೆಯುಳ್ಳದ್ದು ಎಂಬ ಭಾವನೆ. ಇದನ್ನು ಸಂಬಳಕ್ಕೆ ಯಾರೂ ಕೊಡಲಾರರು, ಕಾರ್ಡುಗಳಲ್ಲಿಯೂ ಅಚ್ಚು ಹಾಕಲಾಗದು.

ಆದಕಾರಣ, ಪ್ರಿಯ ವಾಚಕರೇ, "ನಮಗೆ ಏನೂ ಬಾರದು" ಎಂಬ ಮಾತನ್ನು ಬಿಟ್ಟುಬಿಡೋಣ. ಓದು ಬಲ್ಲವರು ಇದನ್ನು ನೆರೆಯವರಿಗೆ ಓದಿ ಹೇಳಲಿ. ನಾಳೆ ಬೆಳಿಗ್ಗೆ ಮಗುವನ್ನು ಹೊತ್ತಿಗೆ ಸರಿಯಾಗಿ ಕಳುಹಿಸೋಣ; ಸಂಜೆ ಅದು ಹೇಳುವದನ್ನು ಕಿವಿಗೊಟ್ಟು ಕೇಳೋಣ.